ಸಮುವೇಲ ಅಂದ್ರೆ ಕೇಳಿದ್ದು ಯಾರು?

"ಸರ್, ಮಗನ ದೀಕ್ಷಾಸ್ನಾನದ ಕಾರ್ಡ್ ಪ್ರಿಂಟಿಗೆ ಕೊಡ್ತಾ ಇದೀವಿ, ಸಮುವೇಲ ಅಂದ್ರೆ 'ದೇವರು ಕೇಳಿದನು' ಅಂತ ಹಾಕಿಸ್ಲಾ?" ಹಳೇ ಒಡಂಬಡಿಕೆಯ ಹೀಬ್ರೂ ಪಾಠ ಮಾಡೋ ನನಗೆ ಈ ಥರ ಫೋನ್ ಬರ್ತಾನೇ ಇರುತ್ತೆ, ಖುಷಿನೂ ಆಗುತ್ತೆ. ಆದ್ರೆ ಹಾಕಿಸೋ ಮುಂಚೆ ಒಂದ್ ನಿಮಿಷ ತಡೀರಿ ಅಂತೀನಿ.

ನಮ್ ಕನ್ನಡದಲ್ಲಿ 'ಕೇಳು' ಒಂದೇ ಮಾತು, ಹಾಡು ಕೇಳೋದೂ ಅದೇ, ಸಾಲ ಕೇಳೋದೂ ಅದೇ. ಹೀಬ್ರೂನಲ್ಲಿ ಹಂಗಲ್ಲ. ಕಿವಿಯಿಂದ ಕೇಳೋದಕ್ಕೆ 'ಶಾಮ', ಬೇಡಿ ಕೇಳೋದಕ್ಕೆ 'ಶಾಅಲ್'. 'ಶಾಮ' ಕೊನೇಲಿ ಅಯಿನ್ ಅನ್ನೋ ಅಕ್ಷರ ಇದೆ, ಗಂಟಲ ಆಳದಿಂದ ಬರೋ ಸದ್ದು, ಕನ್ನಡದಲ್ಲಿ ಬರೆಯೋಕೇ ಆಗಲ್ಲ. ಹಾಗರಳ ಮಗ ಇಷ್ಮಾಯೇಲನ ಹೆಸರಲ್ಲಿ ಆ ಅಯಿನ್ ಇದೆ, ಅಲ್ಲಿ ಅರ್ಥ ನಿಜವಾಗ್ಲೂ 'ದೇವರು ಕೇಳ್ತಾನೆ'. ಸಮುವೇಲನ ಹೆಸರಲ್ಲಿ ಅದಿಲ್ಲ. ಬೋರ್ಡ್ ಮೇಲೆ ಎರಡೂ ಹೆಸರು ಮೇಲೆ ಕೆಳಗೆ ಬರೆದ್ರೆ ಮೊದಲನೇ ವರ್ಷದ ಹುಡುಗ್ರೂ ಕಂಡುಹಿಡೀತಾರೆ. 'ಶೇಮ್' ಅಂದ್ರೆ ಹೆಸರು, 'ಏಲ್' ಅಂದ್ರೆ ದೇವರು, ಹಾಗಾಗಿ ವ್ಯಾಕರಣದ ಪ್ರಕಾರ 'ಏಲ್‌ನ ಹೆಸರು' ಅಥವಾ 'ಆತನ ಹೆಸರು ಏಲ್' ಅನ್ನೋದೇ ಹೆಚ್ಚು ಸರಿ.

ಹಂಗಾದ್ರೆ ಸಮುವೇಲನ ತಾಯಿ ಹನ್ನಳು? ಮಕ್ಕಳಿಲ್ಲದೆ ಕೊರಗಿ ಶೀಲೋವಿನ ಆಲಯದಲ್ಲಿ ತುಟಿ ಮಾತ್ರ ಆಡಿಸ್ತಾ ಪ್ರಾರ್ಥನೆ ಮಾಡಿದ್ಲು, ಯಾಜಕ ಏಲಿ ಅವಳು ಕುಡಿದಿದಾಳೆ ಅಂದ್ಕೊಂಡ, ಆ ತಾಯಿ ಮಗು ಹುಟ್ಟಿದಾಗ ಹೇಳೋದು ಇವನನ್ನ ಯೆಹೋವನ ಹತ್ರ ಬೇಡಿ ಪಡೆದೆ ಅಂತ. ಅವಳು ಬಳಸೋದು 'ಶಾಅಲ್'. ಅದು ನಿಘಂಟಿನ ಅರ್ಥ ಅಲ್ಲ, ಸದ್ದಿಗೆ ಸದ್ದು ಸೇರಿಸಿ ತಾಯಿ ಹೇಳೋ ಮಾತು. ಬೈಬಲ್ಲಿನ ಹೆಸರುಗಳಲ್ಲಿ ಇದು ಮಾಮೂಲು, ತಪ್ಪು ಅಂತ ಪೆನ್ನಲ್ಲಿ ಗೆರೆ ಎಳೆಯೋಕೆ ಹೋಗ್ಬಾರ್ದು.

ನಂಗೆ ಇದಕ್ಕಿಂತ ದೊಡ್ಡದು ಅನ್ನಿಸೋದು ಇನ್ನೊಂದಿದೆ. ಈ ಕಥೆ ಇರೋ ಸಮುವೇಲನ ಮೊದಲನೇ ಗ್ರಂಥದ ಮೊದಲನೇ ಅಧ್ಯಾಯದಲ್ಲಿ 'ಶಾಅಲ್' ಧಾತು 7 ಸಲ ಬರುತ್ತೆ, ಏಳನೇದು 28ನೇ ವಚನದಲ್ಲಿ, ಮಗುನ ಆಲಯಕ್ಕೆ ಒಪ್ಪಿಸುವಾಗ, ಅಲ್ಲಿ ಹನ್ನಳ ಬಾಯಲ್ಲಿ ಬರೋ ಪದ 'ಶಾಊಲ್', ಅಂದ್ರೆ ಮುಂದೆ ರಾಜ ಆಗೋ ಸೌಲನ ಹೆಸರೇ, ಒಂದಕ್ಷರ ವ್ಯತ್ಯಾಸ ಇಲ್ಲ! ಈ ಕಥೆ ಮೂಲದಲ್ಲಿ ಸೌಲನ ಹುಟ್ಟಿನ ಕಥೆ ಇದ್ದಿರ್ಬೇಕು ಅಂತ ಕೆಲವು ವಿದ್ವಾಂಸರು ವಾದ ಮಾಡ್ತಾರೆ. ನಾನು ಒಪ್ಪಲ್ಲ. 8ನೇ ಅಧ್ಯಾಯದಲ್ಲಿ ಜನ ಸಮುವೇಲನ ಹತ್ರ ಬಂದು ರಾಜ ಬೇಕು ಅಂತ ಕೇಳ್ತಾರಲ್ಲ, ಅಲ್ಲೂ ಇದೇ ಧಾತು. ತಾಯಿ ಬೇಡಿದ ಮಗ, ಜನ ಬೇಡಿದ ರಾಜ, ಇಬ್ರನ್ನೂ ಒಂದೇ ಪದದಲ್ಲಿ ಕಟ್ಟಿಟ್ಟಿದಾನೆ ಬರೆದವನು, ಬೇಕಂತಲೇ.

ಕಿವಿಯ 'ಶಾಮ'ನೂ ಈ ಹುಡುಗನ ಕಥೇಲಿ ಬರುತ್ತೆ, 3ನೇ ಅಧ್ಯಾಯದಲ್ಲಿ. ರಾತ್ರಿ ಹೊತ್ತು ದೇವರು ಹೆಸರು ಹಿಡಿದು ಕರೆದಾಗ, ಏಲಿ ಹೇಳ್ಕೊಟ್ಟ ಹಾಗೆ, ಮಾತಾಡು, ನಿನ್ನ ದಾಸ ಕೇಳ್ತಾ ಇದಾನೆ ಅಂತಾನೆ. ಅಲ್ಲಿ ಕೇಳಿಸ್ಕೊಳ್ತಾ ಇರೋನು ಸಮುವೇಲ.