ಮೂರು ಸುವಾರ್ತೆಗಳನ್ನು ಒಂದೇ ಹಾಳೆಯಲ್ಲಿ ಓದುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬೇಳದ ಕಡೆ ಕ್ರೈಸ್ತರ ಮನೆಗಳಲ್ಲಿ ಕನ್ನಡ ಬೈಬಲಿನ ಜೊತೆಗೆ ಕೊಂಕಣಿಯದೋ ಮಲಯಾಳದ್ದೋ ಇನ್ನೊಂದು ಪ್ರತಿ ಇರುವುದು ಹೊಸತಲ್ಲ. ಅಜ್ಜಿ ಕನ್ನಡದಲ್ಲಿ ಓದುತ್ತಾರೆ, ಇಗರ್ಜಿಯಲ್ಲಿ ಕೊಂಕಣಿ ಕೇಳುತ್ತದೆ, ಮಕ್ಕಳ ಪಾಠ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತದೆ. ಪ್ರಾರ್ಥನೆಗೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳನ್ನು ಹೋಲಿಸಿ ಅಧ್ಯಯನ ಮಾಡಲು ಕೂತಾಗ ಮಾತ್ರ ಇದೇ ದೊಡ್ಡ ಗೊಂದಲಕ್ಕೆ ದಾರಿ. ಮಾರ್ಕನನ್ನು ಕನ್ನಡದಲ್ಲೂ ಮತ್ತಾಯನನ್ನು ಮಲಯಾಳದಲ್ಲೂ ಇಟ್ಟುಕೊಂಡರೆ, ಕಣ್ಣಿಗೆ ಬಿದ್ದ ವ್ಯತ್ಯಾಸ ಸುವಾರ್ತೆ ಬರೆದ ಸುವಾರ್ತಿಕನದೋ ಅನುವಾದಕನದೋ ಗೊತ್ತಾಗುವುದಿಲ್ಲ. ಮೂರೂ ಸುವಾರ್ತೆಗಳಿಗೆ ಒಂದೇ ಅನುವಾದ, ಒಂದೇ ಮುದ್ರಣ ಇರಲಿ. ಕನ್ನಡದಲ್ಲೇ ಪ್ರೊಟೆಸ್ಟೆಂಟರ ಸತ್ಯವೇದವನ್ನೂ ಕಥೋಲಿಕರ ಶುಭಸಂದೇಶವನ್ನೂ ಬೆರೆಸಬಾರದು.

ಮತ್ತಾಯ, ಮಾರ್ಕ, ಲೂಕ, ಈ ಮೂರನ್ನು ವಿದ್ವಾಂಸರು ಸಿನಾಪ್ಟಿಕ್ (ಒಟ್ಟಿಗೆ ನೋಡಬಹುದಾದ) ಸುವಾರ್ತೆಗಳು ಎನ್ನುತ್ತಾರೆ. ಘಟನೆ, ಘಟನೆಗಳ ಕ್ರಮ, ಎಷ್ಟೋ ಕಡೆ ಪದಗಳೂ ಮೂರರಲ್ಲಿ ಒಂದೇ. ಜರ್ಮನಿಯ ವಿದ್ವಾಂಸ ಗ್ರೀಸ್‌ಬಾಖ್ ಇವನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಜೋಡಿಸಿ 1776ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಹೊರತಂದರು. ಸುವಾರ್ತೆಗಳ ಆಧುನಿಕ ಅಧ್ಯಯನ ಬಹುಪಾಲು ಈ ಜೋಡಣೆಯ ಮೇಲೆಯೇ ನಿಂತಿದೆ. ಅದಕ್ಕೆ ದುಬಾರಿ ಪುಸ್ತಕ ಬೇಕಿಲ್ಲ. ಒಂದು ಎ3 ಹಾಳೆ, ಪೆನ್ನು, ನಾಲ್ಕು ಬಣ್ಣದ ಪೆನ್ಸಿಲು ಸಾಕು.

ಹಾಳೆಯನ್ನು ಅಡ್ಡ ಇಟ್ಟು ಮೂರು ಭಾಗವಾಗಿ ಮಡಚಿ. ನಡುವೆ ಮಾರ್ಕ, ಎಡಕ್ಕೆ ಮತ್ತಾಯ, ಬಲಕ್ಕೆ ಲೂಕ. ಮೊದಲ ಸಲಕ್ಕೆ ಯೇಸು ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಸಂಗ ಒಳ್ಳೆಯದು: ಮಾರ್ಕ 4:35-41 (ಎಂದರೆ 4ನೇ ಅಧ್ಯಾಯದ 35ರಿಂದ 41ನೇ ವಚನ), ಮತ್ತಾಯ 8:23-27, ಲೂಕ 8:22-25. ಮಾರ್ಕನ ಏಳು ವಚನಗಳನ್ನು ಮೊದಲು ಬರೆಯಿರಿ, ಒಂದೊಂದು ಸಾಲಿಗೆ ಒಂದೊಂದೇ ತುಂಡು: "ಗಾಳಿ ಎದ್ದಿತು" ಒಂದು ಸಾಲು, "ಅಲೆಗಳು ದೋಣಿಗೆ ಬಡಿದವು" ಇನ್ನೊಂದು. ಆಮೇಲೆ ಉಳಿದಿಬ್ಬರಲ್ಲಿ ಅದೇ ಸಂಗತಿ ಇದ್ದರೆ ಅದೇ ಮಟ್ಟದಲ್ಲಿ ಬರೆಯಿರಿ, ಇಲ್ಲದಿದ್ದರೆ ಖಾಲಿ ಬಿಡಿ. ಹೆಚ್ಚಿನವರು ತಪ್ಪುವುದು ಈ ಖಾಲಿ ಜಾಗದಲ್ಲಿ. ಜಾಗ ಉಳಿಸಲೆಂದು ಸಾಲುಗಳನ್ನು ಮೇಲಕ್ಕೆ ಸರಿಸಿಬಿಡುತ್ತಾರೆ, ಆಗ ಯಾರು ಏನನ್ನು ಬಿಟ್ಟರು ಎಂಬುದೇ ಮರೆಯಾಗುತ್ತದೆ. ಪ್ರಕಾಶಕರು ಸೇರಿಸಿದ ಉಪಶೀರ್ಷಿಕೆಗಳನ್ನು ಬರೆಯಬೇಡಿ, ಅವು ಮೂಲದಲ್ಲಿಲ್ಲ. ವಚನಸಂಖ್ಯೆಗಳೂ ಮೂಲದವಲ್ಲ, ಹೊಸ ಒಡಂಬಡಿಕೆಗೆ ಈಗಿನ ಸಂಖ್ಯೆ ಹಾಕಿದ್ದು ಮುದ್ರಕ ರಾಬರ್ಟ್ ಎಸ್ತಿಯೆನ್, 1551ರಲ್ಲಿ.

ನಂತರ ಬಣ್ಣ. ಮೂವರಲ್ಲೂ ಇರುವ ಪದಕ್ಕೆ ಕೆಂಪು, ಮಾರ್ಕ ಮತ್ತು ಮತ್ತಾಯರಲ್ಲಿ ಮಾತ್ರ ಇದ್ದರೆ ನೀಲಿ, ಮಾರ್ಕ ಮತ್ತು ಲೂಕರಲ್ಲಿ ಮಾತ್ರ ಇದ್ದರೆ ಹಸಿರು, ಮಾರ್ಕನಲ್ಲಿ ಇಲ್ಲದೆ ಉಳಿದಿಬ್ಬರಲ್ಲಿ ಇದ್ದರೆ ಹಳದಿ. ಒಬ್ಬನಲ್ಲೇ ಇರುವುದು ಬಣ್ಣವಿಲ್ಲದೆ ಉಳಿಯಲಿ. ಬಣ್ಣ ಹಾಕಬೇಕಾದದ್ದು ಪದಕ್ಕೆ. ಅರ್ಥ ಒಂದೇ ಎಂದು ಹಾಕಿದರೆ ಹಾಳೆಯೆಲ್ಲ ಕೆಂಪಾಗಿ ಕೆಲಸ ಕೆಡುತ್ತದೆ. ಈ ಭಾಗಕ್ಕೆ ಒಂದೂವರೆ ಗಂಟೆ ಬೇಕು. ಪ್ರಾರ್ಥನಾಕೂಟದ ಕೊನೆಯ ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸ ಇದಲ್ಲ.

ಹಾಳೆ ತುಂಬಿದ ಮೇಲೆ ಮೊದಲು ಬಣ್ಣವಿಲ್ಲದ ಜಾಗ ನೋಡಿ. ದೋಣಿಯ ಹಿಂಭಾಗದಲ್ಲಿ ಯೇಸು ತಲೆಗೆ ದಿಂಬಿಟ್ಟು ಮಲಗಿದ್ದು, ಜೊತೆಗೆ ಬೇರೆ ದೋಣಿಗಳೂ ಇದ್ದದ್ದು ಮಾರ್ಕನಲ್ಲಿ ಮಾತ್ರ. ಶಿಷ್ಯರ ಕೂಗೂ ಬೇರೆಬೇರೆ. ಮಾರ್ಕನಲ್ಲಿ ಅದು ಆಕ್ಷೇಪಣೆ: ಬೋಧಕರೇ, ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ? ಮತ್ತಾಯನಲ್ಲಿ ಪ್ರಾರ್ಥನೆ: ಪ್ರಭುವೇ, ಕಾಪಾಡಿ. ಲೂಕನಲ್ಲಿ ಬರೀ ಗಾಬರಿಯ ಕರೆ: ಗುರುವೇ, ಗುರುವೇ, ಸಾಯುತ್ತಿದ್ದೇವೆ. ಇನ್ನು ಕ್ರಮ. ಮಾರ್ಕ, ಲೂಕರಲ್ಲಿ ಯೇಸು ಮೊದಲು ಗಾಳಿಯನ್ನು ಗದರಿಸಿ, ಆಮೇಲೆ ಶಿಷ್ಯರ ವಿಶ್ವಾಸದ ಬಗ್ಗೆ ಕೇಳುತ್ತಾರೆ. ಮತ್ತಾಯನಲ್ಲಿ ಇದು ತಿರುಗುಮುರುಗು. ಬಿರುಗಾಳಿ ಇನ್ನೂ ಬೀಸುತ್ತಿರುವಾಗಲೇ "ಅಲ್ಪವಿಶ್ವಾಸಿಗಳೇ" ಎನ್ನುವ ಮಾತು ಬರುತ್ತದೆ, ಸಮುದ್ರ ಶಾಂತವಾಗುವುದು ಆಮೇಲೆ.

ಈಗ ಹಾಳೆಯಿಂದ ಹೊರಗೆ ಬನ್ನಿ, ಪ್ರಸಂಗದ ಹಿಂದೆ ಏನಿದೆ ನೋಡಿ. ಮತ್ತಾಯನಲ್ಲಿ ಇದಕ್ಕೆ ಮುಂಚೆಯೇ, 8:19-22ರಲ್ಲಿ, ಯೇಸುವನ್ನು ಹಿಂಬಾಲಿಸಲು ಬಯಸುವ ಇಬ್ಬರ ಮಾತುಕತೆ ಇದೆ. ನರಿಗಳಿಗೆ ಗುದ್ದುಂಟು (ಬಿಲವಿದೆ) ಎಂಬ ಪ್ರಸಿದ್ಧ ಮಾತು ಅಲ್ಲಿಯದು. ಅದೇ ಮಾತುಕತೆ ಲೂಕನಲ್ಲಿ ಬಹಳ ಮುಂದೆ, 9:57ರಿಂದ ಬರುತ್ತದೆ. ಮತ್ತಾಯ ಅದನ್ನು ಇಲ್ಲಿ ಇಟ್ಟು, ಮುಂದಿನ ವಚನದಲ್ಲಿಯೇ ಶಿಷ್ಯರು ಯೇಸುವನ್ನು "ಹಿಂಬಾಲಿಸಿ" ದೋಣಿ ಹತ್ತಿದರು ಎನ್ನುತ್ತಾನೆ. ಹಾಗಾಗಿ ಈ ದೋಣಿಯ ಕಥೆ ಅವನ ಕೈಯಲ್ಲಿ ಶಿಷ್ಯತ್ವದ ಪಾಠ, ಸಂಕಟದಲ್ಲಿರುವ ಸಭೆಯ ಚಿತ್ರ. ಜರ್ಮನಿಯ ಬೈಬಲ್ ವಿದ್ವಾಂಸ ಗುಂಟರ್ ಬಾರ್ನ್‌ಕಾಮ್ 1948ರ ಪ್ರಬಂಧದಲ್ಲಿ ಇದನ್ನು ತೋರಿಸಿದ ಮೇಲೆ, ಸುವಾರ್ತಿಕರನ್ನು ಬರೀ ಸಂಗ್ರಾಹಕರೆಂದು ನೋಡುವುದು ನಿಂತು ಅವರನ್ನು ದೇವಶಾಸ್ತ್ರಜ್ಞರಾಗಿ ಓದುವ ಪದ್ಧತಿ ಬೆಳೆಯಿತು. ಮೂರನ್ನೂ ಕಲಸಿ ಒಂದೇ ಕಥೆಯಾಗಿ ಹೇಳುವ ನಮ್ಮ ಪ್ರವಚನಗಳಲ್ಲಿ ಮತ್ತಾಯನ ಈ ಧ್ವನಿ ಪೂರ್ತಿ ಕಳೆದುಹೋಗುತ್ತದೆ. ಡಿಸೆಂಬರಿನ ಗೋದಲಿಯಲ್ಲಿ ಲೂಕನ ಕುರುಬರೂ ಮತ್ತಾಯನ ಜ್ಯೋತಿಷಿಗಳೂ ಒಟ್ಟಿಗೆ ನಿಲ್ಲುವುದು ಚೆಂದವೇ. ಆದರೆ ಮತ್ತಾಯ 2:11ರಲ್ಲಿ ಜ್ಯೋತಿಷಿಗಳು ಬಂದದ್ದು ಮನೆಯೊಳಕ್ಕೆ, ಅವರು ಮೂವರು ಎಂದು ಅವನು ಎಲ್ಲೂ ಹೇಳಿಲ್ಲ. ಅಧ್ಯಯನಕ್ಕೆ ಕೂತಾಗ ಇಬ್ಬರನ್ನೂ ಬೇರೆಬೇರೆಯಾಗಿ ಮಾತಾಡಲು ಬಿಡಬೇಕು.

ಯಾರನ್ನು ನೋಡಿ ಯಾರು ಬರೆದರು? ಹೆಚ್ಚಿನ ವಿದ್ವಾಂಸರ ಪ್ರಕಾರ ಮಾರ್ಕ ಮೊದಲಿಗ. ಅವನ ವಿಷಯದಲ್ಲಿ ಸುಮಾರು ಶೇ. 90 ಮತ್ತಾಯನಲ್ಲಿದೆ. ಒರಟಾದ ಮಾತನ್ನು ಮೆದುವಾಗಿಸುವುದು ಸಹಜ, ಮೆದುವಾದದ್ದನ್ನು ಒರಟಾಗಿಸುವುದು ಅಪರೂಪ. ಶಿಷ್ಯರ ಆಕ್ಷೇಪಣೆ ಪ್ರಾರ್ಥನೆಯಾದದ್ದು ಅಂಥ ಒಂದು ಗುರುತು. ಮಾರ್ಕನಲ್ಲಿಲ್ಲದೆ ಮತ್ತಾಯ, ಲೂಕರಲ್ಲಿ ಮಾತ್ರ ಇರುವ ಇನ್ನೂರಕ್ಕೂ ಹೆಚ್ಚು ವಚನಗಳಿಗೆ ಕ್ಯೂ ಎಂಬ, ಈಗ ಉಳಿದಿಲ್ಲದ ಆಕರವನ್ನು ಊಹಿಸುತ್ತಾರೆ. ಇದನ್ನು ಗಟ್ಟಿಯಾದ ಸತ್ಯವೆಂದು ಕಲಿಸಬಾರದು, ನಿಮ್ಮ ಹಾಳೆಯ ಹಳದಿಯೇ ತೊಡಕು ತೋರಿಸುತ್ತದೆ. ಶಿಷ್ಯರು "ಹತ್ತಿರ ಬಂದು" ಎಬ್ಬಿಸಿದ್ದು, ಕೊನೆಯಲ್ಲಿ "ಆಶ್ಚರ್ಯಪಟ್ಟದ್ದು" ಮತ್ತಾಯ, ಲೂಕ ಇಬ್ಬರಲ್ಲೂ ಇದೆ, ಮಾರ್ಕನಲ್ಲಿಲ್ಲ. ಅಲ್ಲಿ ಅವರು ಬಹಳ ಹೆದರುತ್ತಾರೆ. ಇಂಥ ಸಣ್ಣ ಹೊಂದಿಕೆಗಳನ್ನು ಹಿಡಿದೇ ಲೂಕನ ಮುಂದೆ ಮತ್ತಾಯನ ಸುವಾರ್ತೆಯೂ ಇತ್ತೆಂದು ವಾದಿಸುವವರಿದ್ದಾರೆ. ಓದು ಸರಾಗವಾಗಲೆಂದು ಅನುವಾದಗಳು ಇಂಥ ಪದಗಳನ್ನು ಕೆಲವೊಮ್ಮೆ ಬಿಡುತ್ತವೆ, ಆದ್ದರಿಂದ ಹಳದಿ ಬಂದ ಕಡೆಯಲ್ಲೆಲ್ಲ ಮೂಲದ ಗ್ರೀಕ್ ಪಾಠ ನೋಡಿದವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕಾಸರಗೋಡಿನವರಿಗೆ ಮಂಗಳೂರು ದೂರವಲ್ಲ. ಜೆಪ್ಪುವಿನ ಸೆಮಿನರಿಯಲ್ಲೂ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲೂ ಓದಿದ ಗುರುಗಳು, ಪಾಸ್ಟರುಗಳು ಸಿಗುತ್ತಾರೆ.

ಇಂಥ ಓದು ವಿಶ್ವಾಸಕ್ಕೆ ಕುತ್ತು ಎಂಬ ಹೆದರಿಕೆ ಕೂಟಗಳಲ್ಲಿ ಕೇಳಿಬರುತ್ತದೆ. ಕಥೋಲಿಕರ ಮಟ್ಟಿಗೆ ಪ್ರಶ್ನೆ ಇತ್ಯರ್ಥವಾಗಿದೆ: ಬೈಬಲಿನ ಅಧ್ಯಯನಕ್ಕೆ ಐತಿಹಾಸಿಕ-ವಿಮರ್ಶಾತ್ಮಕ ವಿಧಾನ (ಪಠ್ಯ ಹೇಗೆ ರೂಪುಗೊಂಡಿತೆಂದು ಪರಿಶೀಲಿಸುವ ಇಂಥ ಓದು) ಅನಿವಾರ್ಯವೆಂದು ವ್ಯಾಟಿಕನ್ನಿನ ಬೈಬಲ್ ಆಯೋಗ 1993ರಲ್ಲಿ ಸ್ಪಷ್ಟವಾಗಿ ಬರೆದಿದೆ.

ಎರಡನೆಯ ಹಾಳೆಗೆ ಯೇಸುವಿನ ಬಂಧನ, ಶಿಲುಬೆಯ ಮರಣವನ್ನು ಹೇಳುವ ಯಾತನೆಯ ವೃತ್ತಾಂತ ಬೇಡ. ಅದು ತೀರ ಉದ್ದ, ನಾಲ್ಕನೆಯ ಸುವಾರ್ತಿಕ ಯೋಹಾನನೂ ನಡುವೆ ಬರುತ್ತಾನೆ. ನಜರೇತಿನವರು ಯೇಸುವನ್ನು ತಿರಸ್ಕರಿಸಿದ ಪ್ರಸಂಗ ತೆಗೆದುಕೊಳ್ಳಿ: ಮಾರ್ಕ 6:1-6, ಮತ್ತಾಯ 13:53-58, ಲೂಕ 4:16-30. ಅಲ್ಲಿ ಮಾರ್ಕ ಅದ್ಭುತಗಳನ್ನು ಮಾಡಲು "ಆಗಲಿಲ್ಲ" ಎಂದದ್ದನ್ನು ಮತ್ತಾಯ ಹೇಗೆ ಬರೆದ ನೋಡಿ. ಲೂಕನ ಅಂಕಣ ಎರಡು ಪಟ್ಟಿಗಿಂತ ಉದ್ದವಾಗುವುದರಿಂದ ಕೆಳಗೆ ಇನ್ನೊಂದು ಹಾಳೆಯನ್ನು ಮೊದಲೇ ಅಂಟಿಸಿಕೊಂಡು ಕೂತುಕೊಳ್ಳಿ.