‘7.2 ಕಿಲೋವ್ಯಾಟ್’ ಚಾರ್ಜರ್ ಅಂದ್ರೆ ನಿಜಕ್ಕೂ ಎಷ್ಟು?

ಎಲೆಕ್ಟ್ರಿಕ್ ಕಾರು ಬುಕ್ ಮಾಡಿ ಮನೆಗೆ ಚಾರ್ಜರ್ ನೋಡಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ಅಂಕಿ. 3.3, 7.2, 7.4, 11, 22 ಕಿಲೋವ್ಯಾಟ್. ಅಂಕಿ ದೊಡ್ಡದಾದಷ್ಟೂ ಬೆಲೆ ಜಾಸ್ತಿ. ಬಾಗಲಕೋಟೆಯ ನವನಗರದಲ್ಲಾಗಲಿ, ಬೆಳಗಾವಿಯ ತಿಲಕವಾಡಿಯಲ್ಲಾಗಲಿ, ಜನ ಕೇಳುವುದು ಒಂದೇ: “7.2 ತಗೊಳ್ಳೋಣೇನ್ರೀ, 3.3 ಸಾಕೇನ್ರೀ?” ಉತ್ತರ ಸಿಗಬೇಕಾದರೆ ಆ ಅಂಕಿ ಏನು ಹೇಳುತ್ತಿದೆ ಅನ್ನುವುದು ಮೊದಲು ಗೊತ್ತಿರಬೇಕು.

ಕಿಲೋವ್ಯಾಟ್ ಅಂದರೆ ಒಂದು ಹೊತ್ತಿಗೆ ಎಷ್ಟು ಜೋರಾಗಿ ವಿದ್ಯುತ್ ಎಳೆಯುತ್ತದೆ ಅನ್ನುವ ಲೆಕ್ಕ. ಬಿಲ್ಲಿನಲ್ಲಿ ಬರುವ ಯೂನಿಟ್ ಬೇರೆ. 1 ಕಿಲೋವ್ಯಾಟ್ ಒಂದು ತಾಸು ನಡೆದರೆ 1 ಯೂನಿಟ್.

ನಮ್ಮ ಕಡೆಯವರಿಗೆ ಎಚ್‌ಪಿ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 1 ಎಚ್‌ಪಿ ಅಂದರೆ 0.746 ಕಿಲೋವ್ಯಾಟ್. ಅಂದರೆ 7.2 ಕಿಲೋವ್ಯಾಟ್ ಹತ್ತಿರ ಹತ್ತಿರ 10 ಎಚ್‌ಪಿ ಆಯ್ತು. ಮುಧೋಳ, ಜಮಖಂಡಿ ಕಡೆ ಕಬ್ಬಿಗೆ ನೀರು ಹಾಯಿಸುವ ದೊಡ್ಡ ಮೋಟರ್ ನೆನಪಿಸಿಕೊಳ್ಳಿ. ಆ ಮೋಟರ್ ಓಡುವುದು ತ್ರೀ ಫೇಸ್‌ನಲ್ಲಿ. ಭಾರ ಮೂರು ವೈರಿಗೆ ಹಂಚಿಹೋಗುತ್ತದೆ. ಮನೆಯ 7.2 ಚಾರ್ಜರ್ ಮಾತ್ರ ಅಷ್ಟನ್ನೂ ಒಂದೇ ಫೇಸ್‌ನಿಂದ ಎಳೆಯುತ್ತದೆ, ಅದೂ ತಾಸುಗಟ್ಟಲೆ. ಗೀಸರ್ ನೀರು ಕಾದ ಮೇಲೆ ನಿಲ್ಲುತ್ತದೆ. ಮಿಕ್ಸರ್ ಐದು ನಿಮಿಷದ ಮಾತು. ನಾಲ್ಕು ತಾಸು ಬಿಡದೆ 32 ಆಂಪಿಯರ್ ಎಳೆಯುವ ವಸ್ತು ನಮ್ಮ ಮನೆಗಳಲ್ಲಿ ಇದುವರೆಗೆ ಇರಲೇ ಇಲ್ಲ.

ಈ ಅಂಕಿಗಳು ಬರುವುದು ಸುಲಭದ ಗುಣಾಕಾರದಿಂದ. ಮನೆಯ ವೋಲ್ಟೇಜ್ 230. ಅದನ್ನು 32 ಆಂಪಿಯರ್‌ನಿಂದ ಗುಣಿಸಿದರೆ 7,360 ವ್ಯಾಟ್. ಅದನ್ನೇ ಒಬ್ಬರು 7.2 ಅಂತಾರೆ, ಇನ್ನೊಬ್ಬರು 7.4 ಅಂತಾರೆ. ಇವೆರಡರ ನಡುವಿನ ವ್ಯತ್ಯಾಸಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಗೀಸರಿಗೆ ಹಾಕುವಂಥ ದೊಡ್ಡ ಸಾಕೆಟ್ 16 ಆಂಪಿಯರ್‌ನದ್ದು. ಅದರ ತುಂಬಾ ಎಳೆಯದೆ ಸ್ವಲ್ಪ ಕಡಿಮೆ ಇಟ್ಟಾಗ ಸಿಗುವುದು 3.3. ತ್ರೀ ಫೇಸ್‌ನಲ್ಲಿ 16 ಆಂಪಿಯರ್ ಎಳೆದರೆ 11, 32 ಎಳೆದರೆ 22.

ಡಬ್ಬಿಯ ಮೇಲಿನ ಅಂಕಿ ಆ ಡಬ್ಬಿ ಕೊಡಬಲ್ಲ ಹೆಚ್ಚೆಂದರೆ ಎಷ್ಟು ಅನ್ನುವುದನ್ನಷ್ಟೇ ಹೇಳುತ್ತದೆ. ಕಾರಿಗೆ ನಿಜವಾಗಿ ಎಷ್ಟು ಸೇರುತ್ತದೆ ಅನ್ನುವುದಕ್ಕೆ ಮೂರು ಮಿತಿಗಳಿವೆ: ಗೋಡೆಯ ಡಬ್ಬಿಯದು, ಕಾರಿನದು, ಮನೆಯ ಕನೆಕ್ಷನ್‌ನದು. ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ವೇಗ.

ಕಾರಿನ ಮಿತಿಯನ್ನು ಜನ ಕೇಳುವುದೇ ಕಡಿಮೆ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್, ಮನೆಯಲ್ಲಿ ಇರುವುದು ದಿಕ್ಕು ಬದಲಿಸುತ್ತಲೇ ಇರುವ ಎಸಿ. ಎಸಿಯನ್ನು ಡಿಸಿ ಮಾಡುವ ಯಂತ್ರ ಕಾರಿನ ಒಳಗೇ ಇರುತ್ತದೆ. ಅದಕ್ಕೆ ಆನ್‌ಬೋರ್ಡ್ ಚಾರ್ಜರ್ ಅಂತಾರೆ. ಗೋಡೆಗೆ ಹಾಕುವ ಡಬ್ಬಿ ಕರೆಂಟನ್ನು ಸುರಕ್ಷಿತವಾಗಿ ಕಾರಿನ ಬಾಯಿಗೆ ತಂದು ಕೊಡುತ್ತದೆ, ಎಷ್ಟು ಆಂಪಿಯರ್ ಎಳೆಯಬಹುದು ಅಂತ ಕಾರಿಗೆ ತಿಳಿಸುತ್ತದೆ. ಕಾರಿನೊಳಗಿನ ಯಂತ್ರ 3.3 ಆಗಿದ್ದರೆ ಗೋಡೆಗೆ 22 ಹಾಕಿದರೂ ಒಳಗೆ ಹೋಗುವುದು 3.3ರಷ್ಟೇ. ಒಂದೇ ಹೆಸರಿನ ಕಾರಿನಲ್ಲೂ ಇದು ಬೇರೆ ಬೇರೆ ಇರುತ್ತದೆ. ಟಾಟಾ ಟಿಯಾಗೊ ಇವಿ 3.3ರಲ್ಲೂ ಬಂತು, 7.2ರಲ್ಲೂ ಬಂತು. ಎಂಜಿ ಕಾಮೆಟ್ ಶುರುವಿನಲ್ಲಿ 3.3ರಲ್ಲಿ ಮಾತ್ರ ಇತ್ತು. ನಮ್ಮ ಓಣಿಯಲ್ಲೇ ಒಬ್ಬರು 3.3ರ ಕಾರಿಗೆ 7.2ರ ಡಬ್ಬಿ ಹಾಕಿಸಿದ್ದಾರೆ. ಗೋಡೆಯ ಡಬ್ಬಿಯಲ್ಲಿ 32 ಆಂಪಿಯರ್ ಅಂತ ದಪ್ಪಕ್ಷರದಲ್ಲಿದೆ, ಕಾರಿನ ಪರದೆಯಲ್ಲಿ 3.2, 3.3 ಅಂತ ಓಡುತ್ತಿರುತ್ತದೆ. ಅವರ ಮುಂದಿನ ಕಾರಿಗೆ ಉಪಯೋಗ ಆದೀತು. ಈಗ ಮಾತ್ರ ಆ ದುಡ್ಡು ಸುಮ್ನೆ ಗೋಡೆಯಲ್ಲಿ ಕೂತಿದೆ.

ಮೂರನೆಯದು ಮನೆಯ ಕನೆಕ್ಷನ್. ಹೆಸ್ಕಾಂ ಬಿಲ್ ತೆಗೆದು ನೋಡಿ, ಮಂಜೂರಾದ ಲೋಡ್ ಎಷ್ಟು ಅಂತ ಬರೆದಿರುತ್ತದೆ. ಹಳೆಯ ಮನೆಗಳಲ್ಲಿ 1, 2, 3 ಕಿಲೋವ್ಯಾಟ್ ಇರುವುದು ಮಾಮೂಲು. ಅಂಥ ಮನೆಗೆ 7.2 ಸೇರಿಸುವುದೆಂದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಬೇಕು. ಬಿಲ್ಲಿನ ನಿಗದಿತ ಶುಲ್ಕ ಇರುವುದೇ ಕಿಲೋವ್ಯಾಟ್ ಲೆಕ್ಕದಲ್ಲಿ. ಕಾರು ಊರಲ್ಲಿ ಇರಲಿ ಬಿಡಲಿ, ಅದನ್ನು ತಿಂಗಳು ತಿಂಗಳು ಕಟ್ಟುತ್ತಿರಬೇಕು. ಚಾರ್ಜರ್ ಬೆಲೆ ಹೋಲಿಸುವಾಗ ಇದನ್ನೂ ಸೇರಿಸಿ. ತ್ರೀ ಫೇಸ್ ಇದ್ದವರಿಗೂ ಒಂದು ಮಾತು. 7.2ರ ಡಬ್ಬಿ ಒಂದೇ ಫೇಸಿಗೆ ಜೋತುಬೀಳುತ್ತದೆ. ಫ್ರಿಜ್, ಎಸಿ, ಗೀಸರ್ ಇವನ್ನೆಲ್ಲ ಉಳಿದ ಎರಡಕ್ಕೆ ಹಂಚಲು ಹೇಳಿ.

ವೋಲ್ಟೇಜ್ ಬೇರೆ ಆಟ ಆಡುತ್ತದೆ. ಬೇಸಿಗೆಯಲ್ಲಿ ಸುತ್ತಮುತ್ತ ಪಂಪ್‌ಸೆಟ್ ಓಡುವ ಹೊತ್ತಿಗೆ ಹಳ್ಳಿ ಕಡೆಯ ಮನೆಯಲ್ಲಿ 190ಕ್ಕೆ ಇಳಿಯಿತು ಅನ್ನಿ. ಆಗ 32 ಆಂಪಿಯರ್‌ಗೆ ಸಿಗುವುದು 6 ಕಿಲೋವ್ಯಾಟ್ ಮಾತ್ರ. ಇನ್ನೂ ಇಳಿದರೆ ಡಬ್ಬಿ ತಾನೇ ನಿಂತುಬಿಡುತ್ತದೆ. ಅದಕ್ಕೇ ಎಷ್ಟು ವೋಲ್ಟೇಜ್‌ವರೆಗೆ ಕೆಲಸ ಮಾಡುತ್ತದೆ, ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದಾ ಅಂತ ಅಂಗಡಿಯಲ್ಲೇ ಕೇಳಿ.

ಹಾಗಾದರೆ ಎಷ್ಟು ಬೇಕು? 30 ಯೂನಿಟ್ ಹಿಡಿಯುವ ಬ್ಯಾಟರಿ ಇದೆ, 20 ಪರ್ಸೆಂಟ್‌ನಿಂದ ತುಂಬಿಸಬೇಕು ಅಂದುಕೊಳ್ಳಿ. ಒಳಗೆ ಹೋಗಬೇಕಾದದ್ದು 24 ಯೂನಿಟ್. ದಾರಿಯಲ್ಲಿ ಶಾಖವಾಗಿ ಹೋಗುವುದನ್ನು ಸೇರಿಸಿದರೆ ಮೀಟರಿನಲ್ಲಿ ಸುಮಾರು 27. ಇದು 3.3ರಲ್ಲಿ ಎಂಟು ತಾಸಿನ ಕೆಲಸ, 7.2ರಲ್ಲಿ ನಾಲ್ಕು ತಾಸಿಗೂ ಒಳಗೆ. ಆದರೆ ದಿನಾ ಯಾರು ಅಷ್ಟು ಖಾಲಿ ಮಾಡುತ್ತಾರೆ? ಊರೊಳಗೆ ದಿನಕ್ಕೆ 40 ಕಿಲೋಮೀಟರ್ ಓಡಾಡುವ ಸಣ್ಣ ಕಾರಿಗೆ 6 ಯೂನಿಟ್ ಸಾಕು, 3.3ರಲ್ಲೂ ಎರಡು ತಾಸಿನೊಳಗೆ ಮುಗಿಯುತ್ತದೆ. ನನ್ನ ಕೇಳಿದರೆ ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರದ ಬಹುತೇಕ ಮನೆಗೆ 3.3 ಧಾರಾಳವಾಯಿತು. ಟ್ಯಾಕ್ಸಿ ಓಡಿಸುವವರು, ದೊಡ್ಡ ಬ್ಯಾಟರಿಯ ಕಾರಿನವರು, ವಿಜಯಪುರದಿಂದ ಬೆಳಗಾವಿಗೆ ಹೋಗಿ ಮರುದಿನ ಬೆಳಿಗ್ಗೆ ಮತ್ತೆ ಹೊರಡುವವರು, ರಾತ್ರಿ ಕರೆಂಟ್ ನಂಬಲಾಗದವರು, ಇವರಿಗೆ 7.2 ನಿಜಕ್ಕೂ ಬೇಕು. 11, 22 ಬೇಕಾದವರು ಬಹಳ ಅಪರೂಪ.

ಯೂನಿಟ್ ವಿಷಯಕ್ಕೆ ಬಂದರೆ ಗೃಹಜ್ಯೋತಿಯನ್ನು ಮರೆಯಬೇಡಿ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ ಕಾರಿಗೇ 150 ಯೂನಿಟ್ ಆಸುಪಾಸು ಬೇಕು. ಮನೆಗೆ 90 ಖರ್ಚಾಗುತ್ತಿದ್ದರೆ ಒಟ್ಟು 240. ಗೃಹಜ್ಯೋತಿಯಲ್ಲಿ ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಬರೀ ಮೇಲಿನ 40ಕ್ಕಲ್ಲ. ಚಾರ್ಜರ್ ಚಿಕ್ಕದಿರಲಿ ದೊಡ್ಡದಿರಲಿ, ಈ ಲೆಕ್ಕ ಹೆಚ್ಚುಕಡಿಮೆ ಒಂದೇ. ಕಾರಿನ ಖರ್ಚು ಬರೆಯುವಾಗ ಇದುವರೆಗೆ ಬರುತ್ತಿದ್ದ ಸೊನ್ನೆ ಬಿಲ್ಲೂ ಹೋಗುತ್ತದೆ ಅಂತ ಸೇರಿಸಿಕೊಳ್ಳಿ.

ಡಬ್ಬಿಯಲ್ಲಿ ಉಳಿಸಿದ ದುಡ್ಡನ್ನು ವೈರಿಗೆ, ಅರ್ಥಿಂಗ್‌ಗೆ ಹಾಕಿ ಅಂತ ಕೈಮುಗಿದು ಹೇಳುತ್ತೇನೆ. 3.3 ಆದರೂ ಮೀಟರ್ ಬೋರ್ಡಿನಿಂದ ಅದಕ್ಕೇ ಅಂತ ಬೇರೆ ಲೈನ್ ಬರಲಿ, ಬೇರೆ ಎಂಸಿಬಿ (ಭಾರ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇರಲಿ. 7.2ಕ್ಕೆ 6 ಸ್ಕ್ವೇರ್ ಎಂಎಂ ತಾಮ್ರದ ವೈರ್, ದೂರ ಜಾಸ್ತಿ ಇದ್ದರೆ ಇನ್ನೂ ದಪ್ಪದ್ದು. ಹಳೆಯ ಸಾಕೆಟ್‌ಗೆ ಹಾಕಿ ರಾತ್ರಿಯಿಡೀ ಚಾರ್ಜ್ ಮಾಡಿದ ಪ್ಲಗ್ ಒಂದನ್ನು ನೋಡಿದ್ದೇನೆ. ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ, ಕರಗಿ, ಸಾಕೆಟ್‌ಗೆ ಅಂಟಿಕೊಂಡಿತ್ತು.

ಅರ್ಥಿಂಗ್ ಸರಿ ಇಲ್ಲದಿದ್ದರೆ ಡಬ್ಬಿ ಕೆಂಪು ದೀಪ ತೋರಿಸಿ ಚಾರ್ಜ್ ಮಾಡುವುದೇ ಇಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಇದು ಜಾಸ್ತಿ. ಆಗ ಕೆಲವರು ನ್ಯೂಟ್ರಲ್ ವೈರನ್ನೇ ಅರ್ಥ್‌ಗೆ ಸೇರಿಸಿ “ಆತು ನೋಡ್ರಿ” ಅಂದುಬಿಡುತ್ತಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ. ಆದರೆ ಮುಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಕಾರಿನ ಮೈಗೇ ಕರೆಂಟ್ ಬರುತ್ತದೆ. ಮಕ್ಕಳು ಮುಟ್ಟುವ ವಸ್ತು ಅದು. ಬೇರೆ ಅರ್ಥ್ ಗುಂಡಿ ತೋಡಿಸಿ, ಮೀಟರ್ ಹಚ್ಚಿ ಅಳೆಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಿ. ಡಬ್ಬಿಯೊಳಗೆ ಆರ್‌ಸಿಡಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸಾಧನ) ಇದೆಯಾ, ಇಲ್ಲದಿದ್ದರೆ ಹೊರಗೆ ಯಾವ ಥರದ್ದು ಹಾಕಬೇಕು ಅಂತಲೂ ಬರೆಸಿಕೊಳ್ಳಿ.

ಆಪ್, ವೈಫೈ, ಬಣ್ಣದ ದೀಪ ಇವೆಲ್ಲ ಇದ್ದರೆ ಇರಲಿ. ನಾನು ದುಡ್ಡು ಕೊಡುವುದು ಒಂದೇ ಸೌಲಭ್ಯಕ್ಕೆ: ಆಂಪಿಯರ್ ಇಳಿಸುವ ಸೆಟ್ಟಿಂಗ್. 32ರ ಡಬ್ಬಿಯನ್ನು 16ಕ್ಕೋ 10ಕ್ಕೋ ಇಳಿಸಲು ಬಂದರೆ ಈಗಿನ ಲೋಡ್ ಅಷ್ಟಕ್ಕೆ ಸಾಲುವಂತಿದ್ದರೆ ಅದರಲ್ಲೇ ಶುರು ಮಾಡಬಹುದು, ಲೋಡ್ ಹೆಚ್ಚಿಸಿದ ಮೇಲೆ ಏರಿಸಬಹುದು. ಕಾರು ಬಯಲಲ್ಲಿ ನಿಲ್ಲುವುದಾದರೆ ನೀರು, ಧೂಳನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ರೇಟಿಂಗ್ ನೋಡಿ. ಬೆಳಗಾವಿಯ ಮಳೆಗೂ ವಿಜಯಪುರದ ಧೂಳಿಗೂ ಐಪಿ65 ಇದ್ದರೆ ಒಳ್ಳೇದು. ಕೇಬಲ್ ಉದ್ದವನ್ನು ಕಾರು ನಿಲ್ಲಿಸುವ ಜಾಗದಲ್ಲಿ ಟೇಪ್ ಹಿಡಿದು ಅಳೆದೇ ಆರ್ಡರ್ ಕೊಡಿ, ಚಾರ್ಜಿಂಗ್ ಬಾಯಿ ಒಂದೊಂದು ಕಾರಿಗೆ ಒಂದೊಂದು ಕಡೆ ಇರುತ್ತದೆ.