ಎರಡು ಬೆರಳು ಕರ್ನೆಲ್‌ಗೆ ಕಾಣುತ್ತಿವೆಯೇ?

ಟಚ್‌ಪ್ಯಾಡ್ ಸರಿಯಿಲ್ಲವೆಂದು ಲಿನಕ್ಸ್ ಲ್ಯಾಪ್‌ಟಾಪ್ ಒಂದು ನನ್ನ ಮೇಜಿಗೆ ಬಂದರೆ, ಟರ್ಮಿನಲ್ ತೆರೆದು ಮೊದಲು ‘ಹಿಸ್ಟರಿ’ ಎಂದು ಟೈಪ್ ಮಾಡುತ್ತೇನೆ. ಅಲ್ಲಿಯವರೆಗೆ ನಡೆದ ಪ್ರಯೋಗಗಳೆಲ್ಲ ಸಾಲಾಗಿ ಬರುತ್ತವೆ. ಬಹುತೇಕ ಸಲ ಅದೇ ಮೆರವಣಿಗೆ. ಪರದೆ ನೋಡಿಕೊಳ್ಳುವ ಎಕ್ಸ್ ಸರ್ವರ್‌ಗೆ ಸಿನಾಪ್ಟಿಕ್ಸ್ ಹೆಸರಿನ ಡ್ರೈವರನ್ನು ಹಾಕಿದ್ದು, ತೆಗೆದದ್ದು, ಮತ್ತೆ ಹಾಕಿದ್ದು. ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್‌ನ ಕಡತ ತೆರೆದು ‘ಐ8042’ ಎಂದು, ಅಂದರೆ ಹಳೆಯ ಕೀಲಿಮಣೆ-ಮೌಸ್ ನಿಯಂತ್ರಕದ ಹೆಸರಿನಿಂದ, ಶುರುವಾಗುವ ಸೂಚನೆಗಳನ್ನು ಒಂದರ ಹಿಂದೊಂದು ತುರುಕಿದ್ದು. ಡ್ರೈವರ್ ಇರುವ ಯಾವುದೋ ಮಾಡ್ಯೂಲನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಅಂದರೆ ತೆರೆದುಕೊಳ್ಳದಂತೆ ತಡೆದು, ಮರೆತದ್ದು. ಏಕೆ ಹೀಗೆ ಮಾಡಿದಿರಿ ಎಂದರೆ, “ಹೀಗೆ ಮಾಡಿದರೆ ಸರಿಹೋಗುತ್ತದೆ ಎಂದು ಯಾರೋ ಬರೆದಿದ್ದರು ಸಾರ್” ಎಂಬ ಉತ್ತರ. ಬರೆದಿದ್ದರು, ಸುಳ್ಳಲ್ಲ. ಬೇರೆ ಯಂತ್ರಕ್ಕೆ, ಬೇರೆ ಕಾಲದಲ್ಲಿ.

ಬಂದವರಲ್ಲಿ ಹೆಚ್ಚಿನವರು ವಿಂಡೋಸ್‌ನಲ್ಲಿ ಪಳಗಿದವರು. ಅಲ್ಲಿ ಏನಾದರೂ ಕೆಟ್ಟರೆ ತಯಾರಕರ ತಾಣಕ್ಕೆ ಹೋಗಿ ಡ್ರೈವರ್ ಇಳಿಸಿಕೊಂಡು ಹಾಕುವುದು ರೂಢಿ. ಅದೇ ರೂಢಿಯಲ್ಲಿ ಇಲ್ಲಿಯೂ ಡ್ರೈವರ್ ಹುಡುಕುತ್ತಾರೆ. ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್ ಚಿಪ್‌ನೊಂದಿಗೆ ಮಾತನಾಡುವ ಡ್ರೈವರ್ ಕರ್ನೆಲ್‌ನ, ಅಂದರೆ ವ್ಯವಸ್ಥೆಯ ತಿರುಳಿನ, ಜೊತೆಗೇ ಬಂದಿರುತ್ತದೆ; ಇಳಿಸಿಕೊಳ್ಳಲು ಹೊರಗೆ ಏನೂ ಇರುವುದಿಲ್ಲ. ಕರ್ನೆಲ್ ಕೊಟ್ಟ ಸುದ್ದಿಯನ್ನು ಲಿಬ್‌ಇನ್‌ಪುಟ್ ಎಂಬ ಲೈಬ್ರರಿ ತೆಗೆದುಕೊಂಡು ಇದು ಸ್ಕ್ರೋಲ್, ಇದು ಟ್ಯಾಪ್, ಇದು ಅಂಗೈ ತಾಗಿದ್ದು ಎಂದು ವಿಂಗಡಿಸುತ್ತದೆ. ಅದರ ಮೇಲೆ ಗ್ನೋಮ್ ಅಥವಾ ಕೆಡಿಇ ಎಂಬ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್. ಹೀಗೆ ಮೂರು ಅಂತಸ್ತು. ಕೆಳಗಿನ ಅಂತಸ್ತಿನಲ್ಲಿ ಕೆಟ್ಟದ್ದನ್ನು ಮೇಲಿನ ಅಂತಸ್ತಿನಲ್ಲಿ ಕುಳಿತು ರಿಪೇರಿ ಮಾಡಲು ಬರುವುದಿಲ್ಲ. ಇದನ್ನು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಮತ್ತೆ ಸಿನಾಪ್ಟಿಕ್ಸ್ ಹಾಕುತ್ತಾರೆ.

ಆ ಸಿನಾಪ್ಟಿಕ್ಸ್ ಡ್ರೈವರನ್ನು ವರ್ಷಗಟ್ಟಲೆ ನೋಡಿಕೊಂಡವರು ಪೀಟರ್ ಹಟ್ಟರರ್. ಲಿಬ್‌ಇನ್‌ಪುಟ್‌ನ ಹೊಣೆ ಹೊತ್ತವರೂ ಅವರೇ. ಲಿಬ್‌ಇನ್‌ಪುಟ್ 1.0 ಹೊರಬಂದದ್ದು 2015ರಲ್ಲಿ. ಆಮೇಲೆ ಹಳೆಯದಕ್ಕೆ ಹೊಸ ಕೆಲಸ ಸೇರಿಸುವುದು ನಿಂತಿತು. 2016ರ ಗ್ನೋಮ್ 3.20ರಿಂದ ಸೆಟ್ಟಿಂಗ್ಸ್ ಕೂಡ ಅದನ್ನು ಕೈಬಿಟ್ಟಿತು. ಈಗ ಉಬುಂಟು, ಫೆಡೋರಾ ಹಾಕಿದರೆ ಸಾಮಾನ್ಯವಾಗಿ ಎಕ್ಸ್ ಸರ್ವರ್‌ನ ಜಾಗಕ್ಕೆ ಬಂದ ವೇಲ್ಯಾಂಡ್‌ನ ಅಧಿವೇಶನವೇ ತೆರೆದುಕೊಳ್ಳುತ್ತದೆ. ವೇಲ್ಯಾಂಡ್ ಆ ಹಳೆಯ ಎಕ್ಸ್ ಡ್ರೈವರ್ ಕಡೆ ತಿರುಗಿಯೂ ನೋಡುವುದಿಲ್ಲ. ಹಳೆಯ ಎಕ್ಸ್ ಸರ್ವರನ್ನೇ, ಅಂದರೆ ಎಕ್ಸಾರ್ಗನ್ನು, ಬಳಸುವವರ ಪಾಡು ಇನ್ನೂ ಕೆಟ್ಟದ್ದು. ಲಿಬ್‌ಇನ್‌ಪುಟ್‌ನ ಸಂರಚನಾ ಕಡತದ ಹೆಸರು 40ರಿಂದ ಶುರುವಾದರೆ ಸಿನಾಪ್ಟಿಕ್ಸ್‌ನದ್ದು 70ರಿಂದ. ನಂತರ ಓದಿದ ಕಡತದ ಮಾತೇ ನಡೆಯುವುದರಿಂದ ಸಿನಾಪ್ಟಿಕ್ಸ್ ಟಚ್‌ಪ್ಯಾಡನ್ನು ಹಿಡಿದುಕೊಳ್ಳುತ್ತದೆ. ಆಗ ಗ್ನೋಮ್ ಸೆಟ್ಟಿಂಗ್ಸ್‌ನಲ್ಲಿ ಏನನ್ನು ಒತ್ತಿದರೂ ಪ್ರಯೋಜನವಿಲ್ಲ. ಇದ್ದ ತೊಂದರೆ ಒಂದು, ಈಗ ಎರಡು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕರ್ನೆಲ್ ಈ ಸಾಧನವನ್ನು ಏನೆಂದು ಗುರುತಿಸಿದೆ ಎಂದು ನೋಡುವುದರಿಂದ. ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಇನ್‌ಪುಟ್-ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು, ನಿರ್ವಾಹಕ ಅಧಿಕಾರ ಕೊಡುವ ಸುಡೋ ಸಹಿತ ‘ಲಿಬ್‌ಇನ್‌ಪುಟ್ ಲಿಸ್ಟ್-ಡಿವೈಸಸ್’ ಆದೇಶ ಕೊಡಿ. ಬಂದ ಪಟ್ಟಿಯಲ್ಲಿ ನಿಮ್ಮ ಟಚ್‌ಪ್ಯಾಡಿನ ಹೆಸರು ಹುಡುಕಿ. ‘ಸಿನ್‌ಪಿಎಸ್/2 ಸಿನಾಪ್ಟಿಕ್ಸ್ ಟಚ್‌ಪ್ಯಾಡ್’ ಎಂದೋ, ‘ಇಟಿಪಿಎಸ್/2 ಎಲಾನ್‌ಟೆಕ್ ಟಚ್‌ಪ್ಯಾಡ್’ ಎಂದೋ, ನಡುವೆ 04ಎಫ್3 ಅಥವಾ 06ಸಿಬಿ ಎಂಬ ಸಂಖ್ಯೆಯಿದ್ದು ಕೊನೆಗೆ ‘ಟಚ್‌ಪ್ಯಾಡ್’ ಎಂದಿರುವ ಉದ್ದನೆಯ ಹೆಸರೋ ಕಂಡರೆ ಕರ್ನೆಲ್ ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. 04ಎಫ್3 ಎಂದರೆ ಎಲಾನ್, 06ಸಿಬಿ ಎಂದರೆ ಸಿನಾಪ್ಟಿಕ್ಸ್; ಇಲ್ಲಿ ಇವೆರಡೂ ಟಚ್‌ಪ್ಯಾಡ್ ತಯಾರಿಸುವ ಕಂಪನಿಗಳ ಹೆಸರು, ಆ ಹಳೆಯ ಡ್ರೈವರ್‌ನದ್ದಲ್ಲ. ಟಚ್‌ಪ್ಯಾಡ್ ಬದಲು ‘ಪಿಎಸ್/2 ಜೆನೆರಿಕ್ ಮೌಸ್’ ಎಂದಿದ್ದರೆ ಅಲ್ಲೇ ನಿಲ್ಲಿ. ಅದೇ ನಮೂದಿನಲ್ಲಿ ‘ಟ್ಯಾಪ್-ಟು-ಕ್ಲಿಕ್’ ಎಂಬ ಸಾಲಿನ ಮುಂದೆ ‘ಎನ್/ಎ’, ಅಂದರೆ ಅನ್ವಯಿಸದು, ಎಂದಿರುತ್ತದೆ. ಆ ಸಾಲಿನಲ್ಲಿ ‘ಡಿಸೇಬಲ್ಡ್’ ಎಂದಿದ್ದರೆ ಗಾಬರಿ ಬೇಡ. ಈ ಪಟ್ಟಿ ತೋರಿಸುವುದು ಮೂಲ ಸ್ಥಿತಿಯನ್ನು, ನೀವು ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡದ್ದನ್ನಲ್ಲ. ‘ಎನ್/ಎ’ ಎಂಬುದೇ ಬೇರೆ ರೋಗ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಷ್ಟು ಹೇಳಿದರೂ ತಲೆಗೆ ಇಳಿಯದ ಮಾತು ಇದೇ. ಪಿಎಸ್/2 ಎಂಬುದು 1987ರಲ್ಲಿ ಐಬಿಎಂ ಯಂತ್ರಗಳೊಂದಿಗೆ ಬಂದ ಸಂಪರ್ಕ. ಆ ದಾರಿಯಲ್ಲಿ ಸಾದಾ ಮೌಸ್ ಪ್ರತಿ ಚಲನೆಗೆ ಮೂರು ಬೈಟ್ ಕಳಿಸುತ್ತದೆ. ಒಂದರಲ್ಲಿ ಗುಂಡಿಗಳ ಸ್ಥಿತಿ, ಒಂದರಲ್ಲಿ ಅಡ್ಡಕ್ಕೆ ಎಷ್ಟು ಸರಿಯಿತು, ಇನ್ನೊಂದರಲ್ಲಿ ಮೇಲೆ ಕೆಳಗೆ ಎಷ್ಟು ಸರಿಯಿತು. ಈ ದಾರಿಯ ಟಚ್‌ಪ್ಯಾಡ್‌ಗಳು ವಿದ್ಯುತ್ ಬಂದೊಡನೆ ತಾವೂ ಒಂದು ಮೌಸ್ ಎಂದೇ ನಟಿಸುತ್ತವೆ. ಹಾಗೆ ನಟಿಸುವುದರಿಂದಲೇ ಯಾವ ಹಳೆಯ ಕಾರ್ಯಾಚರಣ ವ್ಯವಸ್ಥೆಯಲ್ಲೂ ಕರ್ಸರ್ ಓಡುತ್ತದೆ. ಆಮೇಲೆ ಕರ್ನೆಲ್ ಗುಟ್ಟಾಗಿ ಬಾಗಿಲು ತಟ್ಟುತ್ತದೆ. ಸಿನಾಪ್ಟಿಕ್ಸ್ ಆಗಿದ್ದರೆ, ರೆಸೊಲ್ಯೂಷನ್ ಬದಲಿಸುವ ಆದೇಶವನ್ನು ನಾಲ್ಕು ಸಲ ಕಳಿಸಿ, ನಂತರ ‘ನಿನ್ನ ಸ್ಥಿತಿ ಹೇಳು’ ಎಂದು ಕೇಳುತ್ತದೆ. ನಿಜವಾದ ಮೌಸ್‌ಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸಿನಾಪ್ಟಿಕ್ಸ್ ಮಾತ್ರ ಉತ್ತರದ ಮೂರು ಬೈಟ್‌ಗಳಲ್ಲಿ ನಡುವಿನದನ್ನು ಹೆಕ್ಸಾಡೆಸಿಮಲ್ 47 ಎಂದು ಕಳಿಸಿ ತನ್ನ ಗುರುತು ಹೇಳುತ್ತದೆ. ಗುರುತು ಸಿಕ್ಕ ಮೇಲೆ ಕರ್ನೆಲ್ ಅದನ್ನು ಬೇರೆ ರೀತಿಗೆ ಹೊರಳಿಸುತ್ತದೆ. ಆಗ ಬೆರಳು ಎಲ್ಲಿದೆ, ಎಷ್ಟು ಒತ್ತಿದೆ, ಎಷ್ಟು ಬೆರಳುಗಳಿವೆ ಎಂಬ ವಿವರಗಳು ಬರತೊಡಗುತ್ತವೆ.

ಗುರುತು ಸಿಗದಿದ್ದರೆ ಅದು ಮೌಸ್ ಆಗಿಯೇ ಉಳಿಯುತ್ತದೆ. ಕರ್ಸರ್ ಓಡುತ್ತದೆ, ಗುಂಡಿ ಒತ್ತಿದರೆ ಕ್ಲಿಕ್ ಆಗುತ್ತದೆ. ಎರಡು ಬೆರಳಿನ ಸ್ಕ್ರೋಲ್ ಇಲ್ಲ, ಅಂಗೈಯನ್ನು ಕಡೆಗಣಿಸುವುದಿಲ್ಲ. ಆ ಮೂರು ಬೈಟ್‌ಗಳಲ್ಲಿ ಬೆರಳಿನ ಎಣಿಕೆಗೆ ಜಾಗವೇ ಇಲ್ಲ. ಬಾರದ ಮಾಹಿತಿಯಿಂದ ಲಿಬ್‌ಇನ್‌ಪುಟ್ ಸ್ಕ್ರೋಲನ್ನು ಹೇಗೆ ಹುಟ್ಟಿಸಬೇಕು? ಸೆಟ್ಟಿಂಗ್ಸ್‌ನಲ್ಲಿ ಟಚ್‌ಪ್ಯಾಡ್ ವಿಭಾಗವೇ ಮಾಯವಾಗಿದೆ ಎಂದು ದೂರುವವರಿದ್ದಾರೆ. ಮಾಯವಾಗುವುದೇ ಸರಿ, ಅದರ ಪಾಲಿಗೆ ನಿಮ್ಮ ಯಂತ್ರದಲ್ಲಿ ಟಚ್‌ಪ್ಯಾಡ್ ಇಲ್ಲ. ಇಲ್ಲಿ ಮಾಡಬೇಕಾದ್ದು ಹೊಸ ಕರ್ನೆಲ್‌ನಲ್ಲಿ ನೋಡುವುದು. ಉಬುಂಟುವಿನ ಈಚಿನ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬರೆದು, ಏನನ್ನೂ ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿ. ಅಲ್ಲಿ ಎರಡು ಬೆರಳು ಕೆಲಸ ಮಾಡಿದರೆ ಉತ್ತರ ಸಿಕ್ಕಿತು: ಬೇಕಾದದ್ದು ಹೊಸ ಕರ್ನೆಲ್. ನಿನ್ನೆಯವರೆಗೆ ಸರಿಯಿದ್ದು ಅಪ್‌ಡೇಟ್ ನಂತರ ಕೆಟ್ಟಿದ್ದರೆ ತಿರುಗುಮುರುಗು ಮಾಡಿ: ಗ್ರಬ್ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ ಹಿಂದಿನ ಕರ್ನೆಲ್ ಆರಿಸಿಕೊಳ್ಳಿ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಪಿಎಸ್/2 ಹಿಂದೆ ಸರಿದು ಐ2ಸಿ ಎಂಬ ಬೇರೆ ಸಂಪರ್ಕ ಬಂದಿದೆ. ಇಲ್ಲಿ ಟಚ್‌ಪ್ಯಾಡ್ ಒಂದೇ ಸರಿಯಿದ್ದರೆ ಸಾಲದು. ಐ2ಸಿ ನಿಯಂತ್ರಕ ಏಳಬೇಕು, ಬೆರಳು ತಾಗಿದಾಗ ಎಚ್ಚರಿಸುವ ಪಿನ್ ಸರಿಯಿರಬೇಕು, ಇವೆಲ್ಲ ಎಲ್ಲಿವೆ ಎಂದು ಬಯೋಸ್‌ನ ಎಸಿಪಿಐ ಕೋಷ್ಟಕ, ಅಂದರೆ ಯಂತ್ರದ ಭಾಗಗಳ ವಿವರಪಟ್ಟಿ, ನಿಜ ಹೇಳಬೇಕು. 2020ರಲ್ಲಿ ಎಎಂಡಿ ರೈಜೆನ್ ಇರುವ ಲೆನೊವೊ ಲೀಜನ್ 5 ಯಂತ್ರಗಳಲ್ಲಿ ಟಚ್‌ಪ್ಯಾಡ್ ಕೆಲಸ ಮಾಡದೆ ಲಿನಕ್ಸ್ ಬಳಗ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿತು. ಜನ ಟಚ್‌ಪ್ಯಾಡ್ ಡ್ರೈವರನ್ನು ಜಾಲಾಡಿದರು. ಕೊನೆಗೆ ಹುಳುಕು ಸಿಕ್ಕಿದ್ದು ಪಿನ್‌ಗಳನ್ನು ನೋಡಿಕೊಳ್ಳುವ ಪಿನ್‌ಕಂಟ್ರೋಲ್-ಎಎಂಡಿ ಎಂಬ ಭಾಗದಲ್ಲಿ. ಎಚ್ಚರಿಕೆಯ ಪಿನ್‌ಗೆ ಅದು ಡಿಬೌನ್ಸ್ ಶೋಧಕವನ್ನು, ಅಂದರೆ ಸಂಕೇತದ ಸಣ್ಣ ಅದುರುವಿಕೆಯನ್ನು ಸೋಸುವ ಜರಡಿಯನ್ನು, ತಪ್ಪಾಗಿ ಹೊಂದಿಸುತ್ತಿತ್ತು. ತಿದ್ದುಪಡಿ ಕರ್ನೆಲ್‌ಗೆ ಸೇರಿತು, ಟಚ್‌ಪ್ಯಾಡ್ ಎದ್ದಿತು. ಸಿನಾಪ್ಟಿಕ್ಸ್ ಪ್ಯಾಕೇಜ್ ಹಾಕಿ ಹಾಕಿ ಯಾರೂ ಅದನ್ನು ಎಬ್ಬಿಸಲಿಲ್ಲ.

ಐ2ಸಿ ಯಂತ್ರದಲ್ಲಿ ‘ಐ8042’ ಸೂಚನೆಗಳಿಗೂ, ಪಿಎಸ್/2 ಮೌಸ್‌ಗೆಂದಿರುವ ‘ಪಿಎಸ್‌ಮೌಸ್’ ಮಾಡ್ಯೂಲನ್ನು ತೆಗೆದು ಮತ್ತೆ ಹಾಕುವುದಕ್ಕೂ ಅರ್ಥವಿಲ್ಲ ಎಂದು ಈಗ ಬಿಡಿಸಿ ಹೇಳಬೇಕಿಲ್ಲ. ಅರ್ಥವಿಲ್ಲದಿದ್ದರೂ ಅಪಾಯ ಇರಬಹುದು: ಹಲವು ಲ್ಯಾಪ್‌ಟಾಪ್‌ಗಳ ಕೀಲಿಮಣೆ ಅದೇ ಐ8042ರ ಮೇಲೆ ಕುಳಿತಿದೆ. ಟಚ್‌ಪ್ಯಾಡ್ ಸರಿಮಾಡಲು ಹೋಗಿ ಕೀಲಿಮಣೆ ಕಳೆದುಕೊಂಡು ಬಂದವರನ್ನು ನೋಡಿದ್ದೇನೆ. ಕೆಲವು ಏಸರ್ ಮಾದರಿಗಳ ಬಯೋಸ್‌ನಲ್ಲಿ ಟಚ್‌ಪ್ಯಾಡ್‌ಗೆ ‘ಅಡ್ವಾನ್ಸ್‌ಡ್’, ‘ಬೇಸಿಕ್’ ಎಂಬ ಆಯ್ಕೆಗಳಿವೆ. ಮೊದಲನೆಯದು ಐ2ಸಿ, ಎರಡನೆಯದು ಪಿಎಸ್/2. ತುರ್ತಿಗೆ ‘ಬೇಸಿಕ್’ ಇಟ್ಟುಕೊಳ್ಳಬಹುದು, ಸೌಲಭ್ಯ ಕಡಿಮೆಯಾದರೆ ಬೈಯಬೇಡಿ. ಪಟ್ಟಿಯಲ್ಲಿ ಸಾಧನವೇ ಇಲ್ಲದಿದ್ದರೆ ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿಬಿಟ್ಟಿದ್ದಾರೆಯೇ ಎಂದೂ ನೋಡಿ. ಅದು ಚಾಲೂ ಇದ್ದು ಲೈವ್ ಪೆನ್‌ಡ್ರೈವ್‌ನಲ್ಲೂ ಕಾಣದಿದ್ದರೆ, ಒಳಗಿನ ರಿಬ್ಬನ್ ಕೇಬಲ್ ಸಡಿಲವಾಗಿರುವ ಸಾಧ್ಯತೆಯೂ ಇದೆ.

ಇಷ್ಟೆಲ್ಲ ದಾಟಿ, ಕರ್ನೆಲ್ ಟಚ್‌ಪ್ಯಾಡ್ ಎಂದೇ ಗುರುತಿಸಿದ ಮೇಲೂ ಬರುವ ದೂರುಗಳಲ್ಲಿ ನನಗೆ ಪ್ರಿಯವಾದದ್ದು ಒಬ್ಬ ನಿವೃತ್ತ ಕನ್ನಡ ಮೇಷ್ಟರದ್ದು. ಊರಿನ ಇತಿಹಾಸ ಬರೆಯುತ್ತಿದ್ದರು. ಬರೆಯುತ್ತಾ ಹೋದಂತೆ ಕರ್ಸರ್ ತಾನೇ ಹಾರಿ, ಪಾಳೆಯಗಾರರ ಸಂಗತಿ ಕೆರೆಯ ಅಧ್ಯಾಯದ ನಡುವೆ ಹೋಗಿ ಬೀಳುತ್ತಿತ್ತು. ಮೊಮ್ಮಗ ಎಂದಿನಂತೆ ಸಿನಾಪ್ಟಿಕ್ಸ್ ಹಾಕಿಕೊಟ್ಟಿದ್ದ. ನನ್ನ ಮೇಜಿನ ಮೇಲೆ ಎಷ್ಟು ಟೈಪ್ ಮಾಡಿದರೂ ಕರ್ಸರ್ ಕದಲಲಿಲ್ಲ. “ನೀವು ಮನೆಯಲ್ಲಿ ಹೇಗೆ ಕುಳಿತು ಬರೆಯುತ್ತೀರೋ ಹಾಗೇ ತೋರಿಸಿ ಮೇಷ್ಟ್ರೇ” ಎಂದೆ. ಚೀಲದಿಂದ ಯುಎಸ್‌ಬಿ ಕೀಲಿಮಣೆ ತೆಗೆದು ಲ್ಯಾಪ್‌ಟಾಪಿನ ಕೀಲಿಗಳ ಮೇಲೆಯೇ ಇಟ್ಟರು. ಒಳಗಿನದರ ಅಕ್ಷರಗಳು ಮಾಸಿದ್ದವು, ಇದರ ಮೇಲೆ ಕನ್ನಡದ ಚೀಟಿಗಳನ್ನು ನೀಟಾಗಿ ಅಂಟಿಸಿದ್ದರು. ಮಣಿಕಟ್ಟುಗಳು ಸರಿಯಾಗಿ ಟಚ್‌ಪ್ಯಾಡ್ ಮೇಲೆ ಕುಳಿತವು.

ಟೈಪ್ ಮಾಡುವಾಗ ಟಚ್‌ಪ್ಯಾಡನ್ನು ತಡೆಹಿಡಿಯುವ ಸೌಲಭ್ಯ ಲಿಬ್‌ಇನ್‌ಪುಟ್‌ನಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಆದರೆ ಅದು ಲ್ಯಾಪ್‌ಟಾಪಿನ ಟಚ್‌ಪ್ಯಾಡನ್ನು ಜೋಡಿಸಿಕೊಳ್ಳುವುದು ಅದೇ ಲ್ಯಾಪ್‌ಟಾಪಿನ ಕೀಲಿಮಣೆಯ ಜೊತೆ. ಹೊರಗಿನ ಯುಎಸ್‌ಬಿ ಕೀಲಿಮಣೆಯಲ್ಲಿ ಬರೆದರೆ ಅದು ತಡೆಯುವುದಿಲ್ಲ, ಏಕೆಂದರೆ ಸಾಮಾನ್ಯವಾಗಿ ಅಂಥ ಕೀಲಿಮಣೆ ದೂರದಲ್ಲಿರುತ್ತದೆ. ಮೇಷ್ಟರ ಬಳಿ ಮೌಸ್ ಹೇಗೂ ಇತ್ತು. ಹೊರಗಿನ ಮೌಸ್ ಇದ್ದಾಗ ಟಚ್‌ಪ್ಯಾಡ್ ಆರಿರಲಿ ಎಂಬ ಗ್ನೋಮ್ ಆಯ್ಕೆಯನ್ನು ‘ಜಿಸೆಟ್ಟಿಂಗ್ಸ್’ ಮೂಲಕ ಹಾಕಿಕೊಟ್ಟೆ. “ಹಾಗಾದರೆ ಇದು ನನ್ನ ವಯಸ್ಸಿನ ದೋಷವಲ್ಲ ಅನ್ನು” ಎಂದು ನಕ್ಕು ಕೀಲಿಮಣೆಯನ್ನು ಚೀಲಕ್ಕೆ ಹಾಕಿಕೊಂಡರು. ಸಿನಾಪ್ಟಿಕ್ಸನ್ನು ತೆಗೆದುಹಾಕಿದೆ, ಮೊಮ್ಮಗನಿಗೆ ಹೇಳಬೇಡಿ ಎಂದೆ.

ಕರ್ಸರ್ ಹಾರುವುದಕ್ಕೆ ಇನ್ನೊಂದು ಕಾರಣ ಗೋಡೆಯಲ್ಲಿದೆ. ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಕರ್ಸರ್ ನಡುಗುತ್ತದೆ, ಬ್ಯಾಟರಿಯಲ್ಲಿ ಸುಮ್ಮನಿರುತ್ತದೆ ಎಂದಾದರೆ ಟರ್ಮಿನಲ್ ಮುಚ್ಚಿಬಿಡಿ. ಟಚ್‌ಪ್ಯಾಡ್ ಬೆರಳನ್ನು ಅರಿಯುವುದು ವಿದ್ಯುತ್ ಧಾರಕತೆಯ ಸಣ್ಣ ಬದಲಾವಣೆಯಿಂದ. ಅರ್ಥಿಂಗ್ ಇಲ್ಲದ ಪ್ಲಗ್‌ನಿಂದ ಬರುವ ಗದ್ದಲ ಅದನ್ನು ಕೆಡಿಸಬಲ್ಲದು. ಬಾಡಿಗೆ ಕೋಣೆಗಳಲ್ಲಿ ಮೂರು ಪಿನ್ನಿನ ಚಾರ್ಜರ್‌ಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿಕೊಂಡ ವಿದ್ಯಾರ್ಥಿಗಳು ಈ ದೂರು ತರುತ್ತಾರೆ, ಅಂಗಡಿಯಲ್ಲಿ ತೋರಿಸಲು ಆಗದೆ ಪೆಚ್ಚಾಗುತ್ತಾರೆ. ಪ್ರತಿಸಲವೂ ಅರ್ಥಿಂಗೇ ಕಾರಣ ಎನ್ನಲಾರೆ, ಅಗ್ಗದ ಬದಲಿ ಚಾರ್ಜರ್ ಕೂಡ ಹೀಗೆ ಮಾಡಬಹುದು. ಗೋಡೆಯ ಕೆಲಸವನ್ನು ಎಲೆಕ್ಟ್ರಿಷಿಯನ್ ಮಾಡಲಿ, ನೀವು ಕೈಹಾಕಬೇಡಿ.

ಟಚ್‌ಪ್ಯಾಡ್ ಕ್ಲಿಕ್ ಗಟ್ಟಿಯಾಗಿದ್ದರೆ, ಅಥವಾ ಅದರ ಒಂದು ಅಂಚು ಮೇಲೆದ್ದಂತೆ ಕಂಡರೆ ಕೆಳಗಿನ ಬ್ಯಾಟರಿ ಊದಿರಬಹುದು. ಒತ್ತಿ ಕೂರಿಸಲು ಹೋಗಬೇಡಿ. ಯಂತ್ರ ಆಫ್ ಮಾಡಿ, ಚಾರ್ಜಿಗೆ ಹಾಕದೆ ಸರ್ವಿಸ್‌ಗೆ ಒಯ್ಯಿರಿ. ಇದರಲ್ಲಿ ತಮಾಷೆ ಬೇಡ, ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹತ್ತಬಲ್ಲದು.

ಯಾವ ದಾರಿಯೂ ಕಾಣದಿದ್ದರೆ ಉಬುಂಟು, ಫೆಡೋರಾ ಎಂಬಂಥ ನಿಮ್ಮ ಲಿನಕ್ಸ್ ವಿತರಣೆಯವರಿಗೆ ದೋಷವರದಿ ಬರೆಯಿರಿ. ನಿಮ್ಮ ಇಂಗ್ಲಿಷ್ ಹೇಗಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆ, ಕರ್ನೆಲ್ ಆವೃತ್ತಿ, ಬೂಟ್ ಆದ ಕೂಡಲೇ ‘dmesg’ ಆದೇಶದಿಂದ ತೆಗೆದ ಕರ್ನೆಲ್ ಸಂದೇಶಗಳು, ಮೇಲೆ ಹೇಳಿದ ಸಾಧನಗಳ ಪಟ್ಟಿ, ಇವಿಷ್ಟು ಇರಲಿ. ಗ್ರಬ್‌ಗೆ ಸೇರಿಸಿದ್ದನ್ನೆಲ್ಲ ಅಳಿಸಿ, ಮತ್ತೆ ಬೂಟ್ ಮಾಡಿದ ಮೇಲೆಯೇ ಇವನ್ನು ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಪ್ರಯೋಗಗಳ ವರದಿ ಹೋಗುತ್ತದೆಯೇ ಹೊರತು ಯಂತ್ರದ್ದಲ್ಲ. ಟಚ್‌ಪ್ಯಾಡ್ ಗುರುತಾಗಿದ್ದು ನಡತೆ ಮಾತ್ರ ವಿಚಿತ್ರವಾಗಿದ್ದರೆ ‘ಲಿಬ್‌ಇನ್‌ಪುಟ್ ರೆಕಾರ್ಡ್’ ಓಡಿಸಿ, ಬೆರಳಾಡಿಸಿ, ಆ ಕಡತವನ್ನೂ ಜೋಡಿಸಿ. ನೀವು ಒತ್ತಿದ ಅಕ್ಷರಗಳನ್ನು ಅದು ತಾನಾಗಿ ಮರೆಮಾಡುತ್ತದೆ. ಇಂಥದೇ ಇನ್ನೊಂದು ಆದೇಶ ‘ಇವಿಟೆಸ್ಟ್’ ಮರೆಮಾಡುವುದಿಲ್ಲ, ಆದ್ದರಿಂದ ಅದು ಕೀಲಿಮಣೆಯ ಮೇಲೆ ಓಡುತ್ತಿರುವಾಗ ಪಾಸ್‌ವರ್ಡ್ ಟೈಪ್ ಮಾಡಬೇಡಿ. ತಿದ್ದುಪಡಿ ಒಪ್ಪಿಗೆಯಾಗಿ ನಿಮ್ಮ ವಿತರಣೆಯ ಕರ್ನೆಲ್‌ವರೆಗೆ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ 300 ರೂಪಾಯಿಯ ಮೌಸ್ ಒಂದನ್ನು ಕೊಂಡುಕೊಳ್ಳಿ.